ಮೂರು ನಿಮಿಷ

ಆಲ್ಡರ್ ಫೋರ್ಕ್, ಆರೆಗಾನ್. ಕೌಂಟಿ ಸಭಾಂಗಣ.
ಮೈಕಿನ ಮುಂದೆ ತಲೆಗೆ ಮೂರೇ ನಿಮಿಷ,
ಹಸಿರು ದೀಪ, ಹಳದಿ, ಆಮೇಲೆ ಕೆಂಪು.
ಹದಿನಾರನೆಯ ಹೆಸರು ವರ್ನಾ ಟೀಗ್,
ಏಪ್ರನ್ನೂ ಬಿಚ್ಚದೆ ಬಂದಿದ್ದಾಳೆ.

ಅವಳಿಗೆ ಮೊದಲು ಪಾದ್ರಿ ಮಾತಾಡಿದ್ದ,
ಶಾಲಾ ಬಸ್ಸಿನ ಚಾಲಕಿ,
ಪೋರ್ಟ್‌ಲ್ಯಾಂಡಿನ ಹೂಡಿಕೆದಾರ
(ಗುಣವಾಗುವುದು ಎಲ್ಲರ ಹಕ್ಕು, ಎಂದ, ಸ್ಲೈಡು ತೋರಿಸಿ),
ಆಮೇಲೆ ಗಂಟಲ ಕ್ಯಾನ್ಸರಿನ ಮುದುಕ.
ಆ ಒಂದು ಮಧ್ಯಾಹ್ನದ ನಂತರ
ಸಾವು ನನ್ನ ಮಂಚದಡಿಯಿಂದ ಎದ್ದು ಬಂದು
ಕುರ್ಚಿಯ ಮೇಲೆ ಕೂತಿದೆ, ಅಷ್ಟೇ, ಎಂದ ಪಿಸುದನಿಯಲ್ಲಿ.
ಚಪ್ಪಾಳೆಯಿಲ್ಲ. ಕೆಮ್ಮೂ ಇಲ್ಲ.

ವರ್ನಾ ಹೇಳಿದಳು:
ನಾನು ಆ ಕೇಂದ್ರದಲ್ಲಿ ಹಾಸಿಗೆ ಬದಲಿಸುವವಳು,
ಅತ್ತವರ ದಿಂಬು ಒಗೆಯುವವಳು.
ಕೆಲವು ದಿಂಬು ನೆನೆದು ಎಷ್ಟು ಭಾರ ಅಂದರೆ
ಯಾರೋ ಕೂಸನ್ನು ಬಿಟ್ಟುಹೋದ ಹಾಗೆ.
ಅದೆಲ್ಲ ಸುಳ್ಳು ಅಂತ ನಾನು ಹೇಳಲಾರೆ.

ತೊಂಬತ್ತಾರರ ಅಕ್ಟೋಬರಿನಲ್ಲಿ
ನನ್ನ ತಮ್ಮ ರಾಯ್ಸ್ ಇದರದೇ ಒಡಹುಟ್ಟನ್ನು
ದನದ ಹುಲ್ಲುಗಾವಲಿನಿಂದ ಕಿತ್ತು ತಂದು
ಉಪ್ಪಿನಕಾಯಿ ಜಾಡಿಯಲ್ಲಿಟ್ಟಿದ್ದ.
ಗರಗಸದ ಮಿಲ್ಲು ಮುಚ್ಚಿದ ವರ್ಷ.
ನಿದ್ದೆ ಬರುತ್ತಿರಲಿಲ್ಲ ಅವನಿಗೆ.
ಒಂದು ಜಾಡಿಗೆ ಮೂರು ವರ್ಷ ಜೈಲು.

ಈಗ ಲೈಸೆನ್ಸಿಗೆ ಚೌಕಟ್ಟು ಹಾಕಿ ಗೋಡೆಗೆ ತೂಗಿದ್ದಾರೆ,
ಧೂಳು ಒರೆಸುವವಳು ನಾನೇ.
ಒಂದು ಮಧ್ಯಾಹ್ನದ ದರ
ಅವನ ಟ್ರೇಲರಿನ ನಾಲ್ಕು ತಿಂಗಳ ಬಾಡಿಗೆ.
ಕೆಲಸ ಕೇಳಲು ಹೋದ. ಹಳೆಯ ಅಪರಾಧವಿದೆ ಅಂದರು.
ಯಾವುದಪ್ಪಾ ಅದು ಅಂತ ಹುಡುಗಿ ಕಂಪ್ಯೂಟರಿನಲ್ಲಿ ಓದಿದಳು,
ಓದಿ, ನಕ್ಕುಬಿಟ್ಟಳು. ಆಮೇಲೆ, ಕ್ಷಮಿಸಿ ಅಂದಳು.

ಹಳದಿ.

ಹೊಲದಲ್ಲಿ ಕಿತ್ತರೆ ನಾಯಿಕೊಡೆ,
ರಸೀದಿ ಸಮೇತ ತಟ್ಟೆಯಲ್ಲಿಟ್ಟರೆ ಬೆಳ್ಗೊಡೆ.
ಅಡಿಯಲ್ಲಿ ಯಾರು ನಿಂತಿದ್ದಾರೆ ಅಂತ
ಬಗ್ಗಿ ನೋಡಿಯೇ ಹೆಸರಿಡುತ್ತೀರಿ.

ಹಾಗಾದರೆ ಕೇಂದ್ರ ಇರಬೇಕೋ ಬೇಡವೋ,
ಅಧ್ಯಕ್ಷರು ಕನ್ನಡಕ ಏರಿಸಿ ಕೇಳಿದರು,
ಫಾರ್ಮಿನಲ್ಲಿ ಎರಡೇ ಖಾನೆ, ಪರ, ವಿರೋಧ.
ವರ್ನಾ ಏಪ್ರನ್ನಿನ ಜೇಬಿನಲ್ಲಿ ಪೆನ್ನು ಹುಡುಕಿದಳು,
ದಿಂಬಿನ ಗುಂಡಿ ಸಿಕ್ಕಿತು, ಒಂದು ಕ್ಲಿಪ್ಪು.

ಕೆಂಪು.

ಹೊರಗೆ ಪಿಕಪ್ಪಿನಲ್ಲಿ ರಾಯ್ಸ್ ಕಾಯುತ್ತಿದ್ದ.
ಈ ಕಟ್ಟಡಕ್ಕೆ ಅವನು ಕಾಲಿಡುವುದಿಲ್ಲ,
ತೀರ್ಪು ಓದಿದ್ದು ಇಲ್ಲೇ, ಮೇಲಿನ ಮಹಡಿಯಲ್ಲಿ.
ಏನಾಯ್ತು, ಅಂದ.
ಒಬ್ಬ ಮುದುಕ ಚೆನ್ನಾಗಿ ಮಾತಾಡಿದ, ಅಂದಳು.

ಹೀಟರು ಹಾಕಿದ. ಹಳೆಯ ಗಾಡಿ,
ಬಿಸಿಯಾಗಲು ಹೊತ್ತು ಬೇಕು.
ಗಾಜಿನ ಮಂಜು ಕರಗುವವರೆಗೆ
ಎದುರಿನದೇನೂ ಕಾಣದೆ
ಇಬ್ಬರೂ ಮುಂದೆಯೇ ನೋಡುತ್ತ ಕೂತಿದ್ದರು.