ಕರಪತ್ರದ ಕನ್ನಡ

ಪದಕ್ಕೆ ಹನ್ನೊಂದು ಪೆನ್ಸ್. ಎರಡು ಪುಟ.
ಗುಜರಾತಿ, ಪಂಜಾಬಿ, ಉರ್ದು
ಆಗಲೇ ಅಚ್ಚಾಗಿವೆ; ಕನ್ನಡಕ್ಕೆ
ಲೆಸ್ಟರ್ ಊರಿಗೆಲ್ಲ ನಾನೊಬ್ಬಳು ಸಿಕ್ಕಿದ್ದೆ.
"ಸುಲಭದ್ದು," ಅಂದಳು ನರ್ಸ್ ಬರ್ನಡೆಟ್ ಫೋನಿನಲ್ಲಿ,
"ಫೋಲಿಕ್ ಆಮ್ಲ, ಅಷ್ಟೇ."

ಮೊದಲ ಸಾಲಿಗೇ ಎಡವಿದೆ.
'ಗರ್ಭ ಧರಿಸುವ ಯೋಜನೆ ಇದೆಯೇ?'
ಯೋಜನೆ ಎಂದರೆ ನಮ್ಮಲ್ಲಿ ನಾಲೆ, ಸೇತುವೆ,
ಐದೈದು ವರ್ಷಕ್ಕೊಂದು ಸರ್ಕಾರದ ಲೆಕ್ಕ.
ಬಸಿರನ್ನು ಯಾರು ಯೋಜಿಸಿದ್ದರು?
ದಿನ ತಪ್ಪುತ್ತಿತ್ತು, ತಿಂಗಳು ನಿಲ್ಲುತ್ತಿತ್ತು,
ಹುಣಸೆಕಾಯಿ ಕಂಡರೆ ಬಾಯಲ್ಲಿ ನೀರು,
ಆಮೇಲೆ ಅತ್ತೆಗೆ ತಿಳಿಯುತ್ತಿತ್ತು, ಆಮೇಲೆ ಓಣಿಗೆ,
ಎಲ್ಲರಿಗಿಂತ ಕಡೆಗೆ ಗಂಡನಿಗೆ.

ಕರಪತ್ರ ಹೇಳುವುದು ಅದಕ್ಕೂ ಮುಂಚಿನ ಮಾತು.
ಇಪ್ಪತ್ತೆಂಟು ದಿನ.
ಅಕ್ಕಿಕಾಳಿಗಿಂತ ಸಣ್ಣದೊಂದು ಜೀವ
ತನ್ನ ಬೆನ್ನನ್ನು ತಾನೇ ಹೊಲಿದುಕೊಳ್ಳುತ್ತದೆ,
ಎರಡು ಅಂಚು ಎದ್ದು, ಬಾಗಿ, ಒಂದನ್ನೊಂದು ಮುಟ್ಟಿ,
ತಾಯಿ ಇನ್ನೂ ಕ್ಯಾಲೆಂಡರಿನ ಚೌಕಗಳ ಮೇಲೆ
ಬೆರಳಿಟ್ಟು ಎಣಿಸುತ್ತಿರುವಾಗಲೇ.
ದಾರ ಸಾಲದೆ ಹೋದರೆ ಹೊಲಿಗೆ ಬಿಟ್ಟುಕೊಳ್ಳಬಹುದು.
ಆ ಹೊಲಿಗೆಗೆ, ಆಮೇಲೆ ನುಂಗಿದ ಮಾತ್ರೆ
ಉಂಡೆದ್ದ ಮೇಲೆ ಬಡಿಸಿದ ಉಪ್ಪಿನಕಾಯಿ.

ಪದಕೋಶದಲ್ಲಿ 'ನರನಾಳ' ಎಂದಿದೆ.
ಬರೆದೆ, ಅಳಿಸಿದೆ; ಪುರಸಭೆಯ ಪೈಪಿನ ವಾಸನೆ.
'ಬೆನ್ನಹುರಿಯ ಹೊಲಿಗೆ' ಎಂದಿಟ್ಟೆ.
ಒಂದು ಪದ ಎರಡಾಯಿತು;
ಕಾಸಿನಾಸೆ ಎಂದುಕೊಂಡರೆ ಎಂದುಕೊಳ್ಳಲಿ.

ಫೋಲೇಟ್ ಎನ್ನುವುದು ಎಲೆಯಿಂದ ಹುಟ್ಟಿದ ಹೆಸರಂತೆ.
ಅದನ್ನು ಓದಿದ ರಾತ್ರಿ ಅಮ್ಮನ ಬಸ್ಸಾರು ನೆನಪಾಯಿತು:
ದಂಟಿನ ಸೊಪ್ಪು ಬೇಯಿಸಿ, ಬಸಿದು,
ಆ ಹಸಿರು ನೀರಿನ ಒಂದು ಹನಿಯನ್ನೂ ಚೆಲ್ಲದೆ
ಖಾರ ಅರೆದು ಹಾಕಿ ಕುದಿಸುವಳು.
ಎಲೆಯ ಸತ್ವ ನೀರಿಗಿಳಿಯುತ್ತದೆಂದು
ಅವಳಿಗೆ ಯಾವ ಕರಪತ್ರವೂ ಹೇಳಿರಲಿಲ್ಲ.
ಬಸಿದದ್ದು ಬಸಿರಿಗೆ ಎಂದೇನೂ ಅಲ್ಲ,
ಕೈ ಬಿಗಿ, ಅಷ್ಟೇ.

ಅಷ್ಟಾದರೂ ನನ್ನ ಬೆನ್ನಿಗೆ ಬಿದ್ದ ತಮ್ಮ
ತನ್ನ ಬೆನ್ನು ತೆರೆದುಕೊಂಡೇ ಬಂದ.
ತುರುವೇಕೆರೆ ಆಸ್ಪತ್ರೆಯಲ್ಲಿ ಒಂದು ರಾತ್ರಿ ಇದ್ದ.
"ಗ್ರಹಣದ ದಿನ ಕುಡುಗೋಲು ಮುಟ್ಟಿದ್ದೆ ನೀನು,"
ಅಂದರು ಅಮ್ಮನಿಗೆ. ಅವಳು ಹೌದೆಂದಳು.
ಮುಟ್ಟಿದ್ದಳೋ ಇಲ್ಲವೋ, ಹೌದೆಂದಳು,
ಯಾವುದಾದರೂ ಒಂದು ಕಾರಣ ಬೇಕಿತ್ತಲ್ಲ.

ಕರಡನ್ನು ನೀಲಗಂಗಾಳಿಗೆ ಓದಲು ಕೊಟ್ಟೆ,
ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ.
ಸಿಂಧನೂರಿನವಳು, ಮದುವೆಯಾಗಿ ಎಂಟು ತಿಂಗಳು,
ಮುದುಕರ ಆರೈಕೆಯ ಮನೆಯಲ್ಲಿ ರಾತ್ರಿ ಪಾಳಿ.
'ಇನ್ನು ಬಿಳಿ ಗೋಧಿ ಹಿಟ್ಟಿಗೆ
ಗಿರಣಿಯಲ್ಲೇ ಬೆರೆಸಬೇಕೆಂದು ಕಾನೂನು' ಎಂಬಲ್ಲಿಗೆ ಬಂದು
ನಕ್ಕುಬಿಟ್ಟಳು: "ನಾವು ಬ್ರೆಡ್ ಎಲ್ಲಿ ತಿಂತೀವ್ರೀ ಅಕ್ಕಾರ,
ಜ್ವಾಳದ ರೊಟ್ಟಿ ಇಲ್ದ ಹೊಟ್ಟಿ ತುಂಬಂಗಿಲ್ಲ."
ಮೆಲ್ಟನ್ ರಸ್ತೆಯ ಅಂಗಡಿಯ ಚೀಲ ತೊಡೆಯ ಮೇಲಿತ್ತು,
ಐದು ಕಿಲೋ, ಬಾಯಿ ಹೊಲಿದದ್ದು.
ಕಾನೂನು ಅದರೊಳಗೆ ಇಳಿದಿರಲಿಲ್ಲ.

ಮನೆಗೆ ಬಂದು ಮೂಲದಲ್ಲಿಲ್ಲದ ಸಾಲೊಂದನ್ನು ಸೇರಿಸಿದೆ:
'ಜೋಳ, ರಾಗಿ, ಅಕ್ಕಿಯ ಹಿಟ್ಟಿಗೆ ಇದನ್ನು ಬೆರೆಸಿರುವುದಿಲ್ಲ.
ಮಗು ಬೇಕೆನಿಸಿದ ದಿನದಿಂದಲೇ ಮಾತ್ರೆ ತೆಗೆದುಕೊಳ್ಳಿ.
ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ.'
ಬಿಲ್ಲಿನಲ್ಲಿ ಆ ಪದಗಳನ್ನು ಎಣಿಸಲಿಲ್ಲ.

ಮಂಗಳವಾರ ಬರ್ನಡೆಟ್ ಫೋನು ಮಾಡಿದಳು.
ಉಳಿದ ಭಾಷೆಗಳೆಲ್ಲ ಪುಟದಲ್ಲಿ ಸರಿಯಾಗಿ ಕೂತಿವೆ,
ಕನ್ನಡ ಮಾತ್ರ ಕೆಳಗೆ ಇಳಿದುಬಿಟ್ಟಿದೆಯಲ್ಲ, ಯಾಕೆ?

ನಮ್ಮ ಭಾಷೆ ಹಾಗೇ, ಎಂದೆ,
ಸ್ವಲ್ಪ ಉದ್ದ.