ಸವಕಳಿ

ಹೊರಗಿನದೇನೂ ಹಾಕುವುದಿಲ್ಲ, ಅಂದರು ಮಡಗಾಂವದ ಡಾಕ್ಟರು.
ನಿಮ್ಮದೇ ತೊಡೆಯ ಕೊಬ್ಬು, ನಿಮ್ಮದೇ ಕೆನ್ನೆಗೆ.
ಅರ್ಧದಷ್ಟು ನಿಲ್ಲುತ್ತದೆ,
ಉಳಿದದ್ದನ್ನು ಮೈಯೇ ತಿಂದುಕೊಳ್ಳುತ್ತದೆ.

ಪಕ್ಕದಲ್ಲಿ ಕೂತ ಗಂಡ ತಲೆಯಾಡಿಸಿದರು.
ಕಾರವಾರದ ಗ್ರೀನ್ ಸ್ಟ್ರೀಟಿನಲ್ಲಿ ಮೂವತ್ತೊಂದು ವರ್ಷ
ಹಳೇ ಪಾಟಲಿ ಕರಗಿಸಿ ಹೊಸ ಬಳೆ ಮಾಡಿಕೊಟ್ಟವರು.
"ಸವಕಳಿ ಇದ್ದದ್ದೇ. ನಾವೂ ಹಿಡಿಯುತ್ತೇವೆ."
ಡಾಕ್ಟರಿಗೆ ಅರ್ಥವಾಗಲಿಲ್ಲ.

ಥೈರಾಯ್ಡಿನ ವರ್ಷ ಹದಿನಾಲ್ಕು ಕಿಲೋ ಹೋಯಿತು.
ಹೋದದ್ದಕ್ಕೆ ಬೇಸರವಿಲ್ಲ, ಹೋದ ಜಾಗ ನೋಡಿ:
ಮೊದಲು ಕೆನ್ನೆ. ಆಮೇಲೆ ಕಣ್ಣಿನ ಕೆಳಗೆ,
ಇಳಿತದ ಹೊತ್ತಿಗೆ ಕೋಡಿಬಾಗದ ಕೆಸರಿನಲ್ಲಿ ಉಳಿಯುವಂಥ ಗುಳಿ.
ತೊಡೆ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.
ಮುಂಜಿಮನೆಯಲ್ಲಿ ಒಬ್ಬೊಬ್ಬರೂ ಗಲ್ಲ ಹಿಡಿದು,
ಏನು ಮಂದಾಕಿನಿ, ಯಾರು ಹೋದರು?
ಯಾರೂ ಹೋಗಿರಲಿಲ್ಲ.

ಸಿರಿಂಜಿನಲ್ಲಿ ಕಂಡೆ ಅದನ್ನು,
ಮರಳುಗಟ್ಟಿದ ತುಪ್ಪದ ಬಣ್ಣ,
ಇಷ್ಟು ದಿನ ಸೀರೆಯೊಳಗೆ ಮುಚ್ಚಿಟ್ಟದ್ದು.
ಹನಿ ಹನಿಯಾಗಿ ಇಟ್ಟರು. ಒಂದೇ ಕಡೆ ಸುರಿದರೆ ಬದುಕುವುದಿಲ್ಲವಂತೆ,
ಪ್ರತಿ ಹನಿಗೂ ಸುತ್ತ ರಕ್ತ ಬೇಕಂತೆ.

ಹತ್ತು ದಿನ ಕನ್ನಡಿಗೆ ಟವೆಲು.
ಮುಖ ನೇರಳೆ, ಆಮೇಲೆ ಹಸಿರು, ಆಮೇಲೆ ಅರಿಶಿನ.

ಮೂರು ತಿಂಗಳಾದರೂ ಯಾರೂ ಏನೂ ಅನ್ನಲಿಲ್ಲ.
"ಈಗ ನಿದ್ದೆ ಸರಿ ಬರ್ತದಾ?" ಅಂದಳು ನಾದಿನಿ, ಅಷ್ಟೇ.
ಅಷ್ಟು ದುಡ್ಡು ಕೊಟ್ಟದ್ದು ಈ ಅಷ್ಟೇಗಾಗಿ.
ಗಂಡ, ಕಣ್ಣಿಗೆ ಸಿಕ್ಕಿಸಿದ ಮಸೂರ ತೆಗೆಯದೆ,
ದೀಪದ ಕೆಳಗೆ ನನ್ನ ಮುಖ ತಿರುಗಿಸಿ ನೋಡಿದರು.
"ಬೆಸುಗೆ ಕಾಣುವುದಿಲ್ಲ."
ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ.

ಕಂಡದ್ದು ಮೀನುಪೇಟೆಯ ಶೇವಂತಿಗೆ.
ಕಿವಿರು ಬಿಡಿಸಿ ನೋಡುವ ಅದೇ ಕಣ್ಣಲ್ಲಿ:
"ಬಾಯೀ, ನಿನ್ನೆಯದ್ದು ಯಾವುದು, ಇವತ್ತಿನದ್ದು ಯಾವುದು,
ನನಗೆ ಗೊತ್ತಾಗೂದಿಲ್ವಾ?"
ನಕ್ಕು, ಎರಡು ಬಂಗಡೆ ಹೆಚ್ಚಿಗೆ ಹಾಕಿದಳು.
ಯಾರಿಗೂ ಹೇಳಿಲ್ಲ, ಇಲ್ಲಿಯವರೆಗೆ.

ಎಡಗೆನ್ನೆ ಚೂರು ಇಳಿದಿದೆ; ಆ ಮಗ್ಗುಲಲ್ಲೇ ಮಲಗುತ್ತೇನೆ.
ಇರಲಿ, ಲೆಕ್ಕಕ್ಕೆ ಹಿಡಿದದ್ದೇ.
ಇನ್ನೊಂದು ಮಾತನ್ನು ಡಾಕ್ಟರು ಬಾಗಿಲಲ್ಲಿ ಹೇಳಿದ್ದರು:
ಆ ಕೊಬ್ಬಿಗೆ ತನ್ನ ಹಳೇ ಮನೆ ಮರೆಯುವುದಿಲ್ಲ,
ನೀವು ದಪ್ಪಗಾದರೆ ಅದೂ ತೊಡೆಯ ಹಾಗೇ ದಪ್ಪಗಾಗುತ್ತದೆ.

ಚೌತಿಯ ನೆವರಿ ಕರಿಯುತ್ತಿದ್ದೇನೆ.
ಮೊದಲನೆಯದು ಎಣ್ಣೆಯಲ್ಲೇ ಬಾಯಿಬಿಟ್ಟಿತು.
ನೈವೇದ್ಯಕ್ಕೆ ಮೊದಲು ತಿನ್ನಬಾರದು.
ತಿಂದೆ.
ಕೆನ್ನೆಗೋ ತೊಡೆಗೋ, ಅದೇ ನೋಡಿಕೊಳ್ಳಲಿ.