ಕಂಡಿಕಿ

ಶೇಟಜಿ ಹಳೇ ಬಾಕಿ ಕೊಟ್ಟ ವಾರ ಡಿವಿಡಿ ಬಂತು,
ಅವ್ವ ಅದರ ಮ್ಯಾಲೊಂದು ಕಸೂತಿ ಬಟ್ಟಿ ಹೊಚ್ಚಿದಳು.
ಮುಂದಿನ ಮಗ್ಗಲಕ್ಕ ಸಣ್ಣದೊಂದು ಬಾಯಿ,
ಪೆನ್‌ಡ್ರೈವ್ ಇಡೂ ಜಾಗಾ ಅಂತ.
ಬನಹಟ್ಟ್ಯಾಗ ನಮ್ಮ ಓಣಿಗೆ ಅದಽ ಮೊದಲು,
ಹೊಚ್ಚಲದಾಗೂ ಕೂತಿದ್ದರು ಮಂದಿ.

ಮುರಿಗೆಪ್ಪ ರಾತ್ರಿಯೆಲ್ಲಾ ನಿದ್ದಿಗೆಟ್ಟು
ದಸ್ತಗೀರನ ಅಂಗಡ್ಯಾಗ ಇಳಿಸಿಕೊಂಡು ಬಂದಿದ್ದ ಸಿನಿಮಾ.
ಅದಕ್ಕ ಹೆಸರಿಲ್ಲ, ಬರೇ ಅಂಕಿ, ಚುಕ್ಕಿ,
ಬಾಲಕ್ಕ ಎಂಕೆವಿ ಅಂತ ಮೂರಕ್ಷರ.
ಚುಚ್ಚಿದ. ಕೆಂಪು ದೀಪ ಪಿಳಿಪಿಳಿ ಅಂತು.
ಪರದೆ ಮ್ಯಾಲೆ ಒಂದಽ ಸಾಲು:
ಈ ಫಾಯಿಲು ನಡೆಯೂದಿಲ್ಲ.
ತಗದು ಊದಿದ. ಅಂಗಿ ತುದೀಲೆ ಒರೆಸಿದ.
ಮತ್ತ ಅಂಗಡಿಗೆ ಓಡಿ ಬಾಲ ಬದಲಿಸಿ ತಂದ.
ಹೆಸರು ಬದಲಿಸಿದರ ಹಣೀಬರಹ ಬದಲಾಗತೈತೇನು?
ಕಾಯಿ ಒಡೀರಿ ಅಂದಳು ತುಳಜವ್ವ.

ಅಪ್ಪ ಕಂಡಿಕಿ ಕೈಯಾಗ ಹಿಡಕೊಂಡಽ ನಿಂತಿದ್ದ.
"ಅದರಾಗ ಸಿನಿಮಾ ಐತಿ ಹೌದಲ್ಲೋ?"
"ಐತಿ. ಅಂಗಡ್ಯಾಗಿನ ಕಂಪ್ಯೂಟರಿನ್ಯಾಗ ಓಡ್ತು."
"ಹಂಗಾರ ನೂಲಿನ ತಪ್ಪಲ್ಲ, ಸುತ್ತಿದ್ದರ ತಪ್ಪು.
ಲಡಿ ಇದ್ದದ್ದು ಇದ್ದಾಂಗ ಲಾಳಿ ನುಂಗತೈತೇನು?
ಬಿಚ್ಚಿಸು. ಕಂಡಿಕಿಗೆ ಸುತ್ತಿಸು."

ದಸ್ತಗೀರ ಹೇಳಿದ್ದೂ ಅದಽ ಮಾತು, ಬ್ಯಾರೆ ಹೆಸರಿಲೆ.
ಎವಿಐ ಅಂದ, ಬಿಟ್‌ರೇಟ್ ಅಂದ, ನಲವತ್ತು ರೂಪಾಯಿ ಅಂದ.
ಸಂಜಿಗೆ ಹಚ್ಚಿದ್ದು
ನಲವತ್ತೆರಡು ಪರ್ಸೆಂಟಿಗೆ ಬಂದಾಗ ಕರೆಂಟು ಹೋತು.
ಎಳಿ ಹರದರ ನಾವು ಬೆರಳಿಲೆ ಗಂಟು ಹಾಕತೇವಿ,
ಅದಕ್ಕ ಗಂಟು ಬೀಳೂದಿಲ್ಲಂತ.
ಮತ್ತ ಮೊದಲಿಂದ.

ಮೂರನೇ ದಿನ ಬಣ್ಣ ಬಂತು.
ಒಂದು ಹಡಗು, ಮಂಜು, ಕೈಯಾಗ ಕಾಗದ ಹಿಡದ ಹೆಂಗಸು.
ಗ್ವಾಡಿ ಆಚೆ ನಮ್ಮವು ನಾಕು, ಬಾಜೂದವರವು ಆರು
ಪವರ್‌ಲೂಮು ಖಟಖಟ ಖಟಖಟ.
ಈ ಊರಾಗ ಯಾರು ಯಾರ ಮಾತು ಕೇಳ್ಯಾರ?
ತುಟಿ ನೋಡತೇವಿ, ಹುಬ್ಬು ನೋಡತೇವಿ,
ಊಟಕ್ಕ ಕರೆಯೂದು ಬಾಯಿಗೆ ಬೆರಳು ಹಚ್ಚಿ,
ಗಂಡಹೆಂಡಿರ ಜಗಳಾನೂ ಕೈಯಾಗಽ ಮುಗೀತೈತಿ.
ಸಿನಿಮಾನೂ ಹಂಗಽ ನೋಡಿದಿವಿ.
ಅವ್ವ ಆಕಿ ತುಟಿ ಓದಿ ಚೀರಿ ಚೀರಿ ಹೇಳಾಕಿ:
"ಅದು ಬಂಗಾರ ಒತ್ತಿ ಇಟ್ಟ ಚೀಟಿ.
ಬಿಡಿಸಾಕ ಹೊಂಟಾಳ ಈಕಿ.
ಆ ಮುದುಕ ಬಡ್ಡಿಗೆ ಬಡ್ಡಿ ಕೇಳಾಕ್ಹತ್ಯಾನ."
ನಾಕು ಸಲ ನೋಡಿದಿವಿ, ನಾಕೂ ಸಲ ಮುದುಕನ್ನ ಬೈದಿವಿ.

ಅಮಾಸಿ ಬಂತು, ಮಗ್ಗಕ್ಕ ಸೂಟಿ.
ಓಣ್ಯಾಗ ಗುಬ್ಬಿ ದನಿ, ಕೊಡಕ್ಕ ಕೊಡ ತಾಗೂ ದನಿ,
ತುಳಜವ್ವನ ಉಬ್ಬಸ ಸೈತ ಕೇಳೂವಷ್ಟು ಸುಮ್ಮಗ.
ಮುರಿಗೆಪ್ಪ ಸಿನಿಮಾ ಹಚ್ಚಿದ.
ಹಡಗು ಬಂತು. ಸಪ್ಪಳಿಲ್ಲ.
ಆಕಿ ಬಾಯಿ ತಗದಳು. ಸಪ್ಪಳಿಲ್ಲ.
ರಿಮೋಟು ಒತ್ತಿ ಒತ್ತಿ ಅವನ ಬೆರಳು ಬೆಳ್ಳಗಾತು.
ಆವಾಗ ತಿಳೀತು,
ವಾರದಿಂದ ನಾವು ಮೂಕೀದಽ ಮಾತು ಕೇಳಾಕ್ಹತ್ತಿದ್ದಿವಿ.

"ಹಾಸು ಸುತ್ಯಾನ, ಹೊಕ್ಕು ಬಿಟ್ಟಾನ" ಅಂದ ಅಪ್ಪ.
ದಸ್ತಗೀರ ನಾಚಿಕೊಂಡ, ರೊಕ್ಕ ಮುಟ್ಟಲಿಲ್ಲ.
ದನೀದು ಬ್ಯಾರೆ ಸುತ್ತು ಇರತೈತ್ರಿ,
ನಿಮ್ಮ ಡಬ್ಬಿಗೆ ತಿಳಿಯೂ ಹಂಗ ಇಳಿಸಬೇಕಿತ್ತು, ಮರತೆ.
ಮತ್ತೊಂದು ರಾತ್ರಿ.

ದನಿ ಬಂತು. ಮಗ್ಗ ನಿಂತ ಹೊತ್ತು ನೋಡಿ ಹಚ್ಚಿದಿವಿ.
ಯಾವ ದೇಶದ ಮಾತೋ,
ಹಸೀ ಕಟಿಗಿ ಒಲ್ಯಾಗ ಚಿಟಿಚಿಟಿ ಅಂದಾಂಗ,
ಒಂದಕ್ಷರ ತಿಳೀಲಿಲ್ಲ ಒಬ್ಬರಿಗೂ.
ಹೊಚ್ಚಲದಾಗಿನವರು ಚಪ್ಪಲಿ ಹುಡಿಕಿದರು.
ಅವ್ವ ಒಬ್ಬಾಕಿನಽ ಕತ್ತು ವಾರಿ ಮಾಡಿ ಕೇಳಿ ಕೇಳಿ,
"ಇಷ್ಟು ಮೆತ್ತಗ ಕೇಳಿದರ
ಯಾರು ಬಿಡಿಸಿ ಕೊಡತಾರಽ ನನ ಮಗಳ?
ಜೋರಲೆ ಕೇಳು" ಅಂದಳು ಆಕಿಗೆ.
ಬರೇ ಗಾಜಿನ ಬಳಿ ಅವ್ವನ ಕೈಯಾಗ.
ಅಪ್ಪ ಗ್ವಾಡಿ ಕಡೆ ಮಾರಿ ಮಾಡಿ
ಎಣಿಸಿದ್ದಽ ಕಂಡಿಕಿ ಮತ್ತ ಎಣಿಸಾಕ್ಹತ್ತಿದ.

ಮರುದಿನ ಕರೆಂಟು ಬಂತು, ಹತ್ತೂ ಮಗ್ಗ ಎದ್ದವು.
ಹಚ್ಚೋ ಮುರಿಗೆಪ್ಪಾ, ಅಂತ ಅವ್ವ
ಬೆರಳು ತಿರುವಿ ತೋರಿಸಿದಳು.
ಆ ಸಲ ಮುದುಕ ಬಡ್ಡಿ ಬಿಟ್ಟ.